ಇಳಿಜಾರು ಹುಡುಕುತ್ತಿದ್ದ ವ್ಯಾನು

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಲಕ್ಷ್ಮಮ್ಮನಿಗೆ ವಿಜಯನಗರದ ಒಂದೊಂದು ಇಳಿಜಾರೂ ಬಾಯಿಪಾಠವಾಗಿಬಿಟ್ಟಿತ್ತು. ಯಾವ ಅಡ್ಡರಸ್ತೆ ಎತ್ತ ವಾಲುತ್ತದೆ, ಯಾರ ಮನೆ ಮುಂದೆ ಬ್ರೇಕು ಬಿಟ್ಟರೆ ವ್ಯಾನು ತಾನಾಗಿ ಉರುಳುತ್ತದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯಾಳು. ಇಷ್ಟಪಟ್ಟು ಕಲಿತ ವಿದ್ಯೆಯಲ್ಲ ಅದು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಅವಳ ಹಳೆಯ ಡೀಸೆಲ್ ವ್ಯಾನು ಒಮ್ಮೆ ಆಫ್ ಆಯಿತೆಂದರೆ ಮುಗಿಯಿತು, ಕೀ ತಿರುಗಿಸಿದಾಗ ಒಂದೆರಡು ಸಲ ನರಳಿ ಸುಮ್ಮನಾಗಿಬಿಡುತ್ತಿತ್ತು. ಇಳಿಜಾರಿದ್ದರೆ ಉರುಳಿಸಿ, ಗೇರು ಹಾಕಿ ಎಬ್ಬಿಸಬಹುದು. ಸಮತಟ್ಟಾದ ಕಡೆ ನಿಂತರೆ ದಾರಿಯಲ್ಲಿ ಹೋಗುವವರ ಕೈಕಾಲು ಹಿಡಿಯಬೇಕು.

ಮೊದಲು ತೋರಿಸಿದ ಮೆಕ್ಯಾನಿಕ್ಕು ಬ್ಯಾಟರಿ ಹೋಗಿದೆ ಎಂದ. ಹೊಸ ಬ್ಯಾಟರಿ ಬಂತು, ನಾಲ್ಕು ದಿನ ಚೆನ್ನಾಗಿತ್ತು, ಆಮೇಲೆ ಅದೇ ರಾಗ. ಎರಡನೆಯವನು ಬ್ಯಾಟರಿಗೆ ಚಾರ್ಜು ತುಂಬುವ ಡೈನಮೋ ಸತ್ತಿದೆ ಎಂದು ಅದನ್ನೂ ಬದಲಾಯಿಸಿದ. ಮತ್ತೆ ಅದೇ ಹಾಡು. ಗಾಡಿಯ ಬಾನೆಟ್ಟಿಗೆ ತಲೆ ಹಾಕಿದವರೆಲ್ಲ ಏನಾದರೊಂದು ಕಿತ್ತು ಕೈಗೆ ಕೊಡುತ್ತಿದ್ದರೇ ಹೊರತು, ರೋಗ ಮಾತ್ರ ಇದ್ದಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ, ಮಗಳನ್ನು ಇದೇ ವ್ಯಾನಿನಲ್ಲಿ ಶಾಲೆಗೆ ಕಳಿಸುವ ರಮಾಮಣಿಯವರ ಗೇಟಿನ ಮುಂದೆ ವ್ಯಾನು ನಿಂತೇಹೋಯಿತು. ಆ ರಸ್ತೆಯೋ ರೊಟ್ಟಿ ಕಲ್ಲಿನಷ್ಟು ಸಮ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಫೀಸಿಗೆ ಹೊರಟಿದ್ದ ಅವರ ಯಜಮಾನರೇ ಬಂದು ತಳ್ಳಬೇಕಾಯಿತು. ಒಳಗೆ ಕೂತ ಮಕ್ಕಳಿಗೆ ಅದೊಂದು ಹಬ್ಬ. ಲಕ್ಷ್ಮಮ್ಮನಿಗೆ ಮಾತ್ರ ಸ್ಟಿಯರಿಂಗಿನ ಹಿಂದೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು.

ರಮಾಮಣಿ ಕಿಟಕಿಯ ಹತ್ತಿರ ಬಂದು ಮೆಲ್ಲಗೇ ಹೇಳಿದರು. "ಲಕ್ಷ್ಮಮ್ಮ, ನಿಮ್ಮ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ. ಗಾಡಿ ಮೇಲೆ ಇಲ್ಲ ನೋಡಿ. ಸೋಮವಾರ ಇನ್ನೊಂದ್ಸಲ ಹೀಗಾದ್ರೆ ನಾವೆಲ್ಲ ಬೇರೆ ವ್ಯಾನ್ ನೋಡ್ಕೋತೀವಿ. ಬೇಜಾರ್ ಮಾಡ್ಕೋಬೇಡಿ."

ಆ 'ನಾವೆಲ್ಲ' ಎಂಬುದು ಲಕ್ಷ್ಮಮ್ಮನ ಎದೆಗೆ ನಾಟಿತು. ಅಂದರೆ ಇಡೀ ಬೀದಿ ಸೇರಿ ಮಾತಾಡಿಕೊಂಡಾಗಿದೆ. ಸಿಂಚನ ಎಂಬ ಪುಟ್ಟಿ ಕಿಟಕಿ ಪಕ್ಕ ಕೂರದಿದ್ದರೆ ವಾಂತಿ ಮಾಡಿಕೊಳ್ಳುತ್ತಾಳೆ, ಗಗನ ತಿಂಡಿ ಡಬ್ಬಿಯನ್ನು ವಾರಕ್ಕೆರಡು ಸಲ ಸೀಟಿನ ಕೆಳಗೆ ಮರೆಯುತ್ತಾನೆ, ಇದೆಲ್ಲ ಯಾವ ಹೊಸ ಡ್ರೈವರಿಗೆ ಗೊತ್ತು?

ಶನಿವಾರ ಮಧ್ಯಾಹ್ನ ಮಕ್ಕಳನ್ನೆಲ್ಲ ಇಳಿಸಿದವಳು, ಎಂಜಿನ್ ಆಫ್ ಮಾಡದೆ ನೇರ ಅಶೋಕಪುರಂಗೆ ಹೋದಳು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಂಚಮ್ಮನ ಅಂಗಡಿ. ಮಂಚಮ್ಮನ ಗಂಡ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಈಕೆ ಮನೆಯ ಜಗಲಿಯ ಮೇಲೆ ಕೂತು ಡೈನಮೋಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಗಂಡ ಹೋದ ಮೇಲೆ ಅಂಗಡಿಯ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಈಗ ಅರವತ್ತು ದಾಟಿದೆ, ಬಾಯಲ್ಲಿ ಸದಾ ಎಲೆ ಅಡಿಕೆ, ಮಾತು ಖಾರ. ತನ್ನ ಕೆಲಸದ ವಿಷಯಕ್ಕೆ ಬಂದರೆ ಸಂಕೋಚವೆಂಬುದು ಆಕೆಯ ಹತ್ತಿರ ಸುಳಿದಿಲ್ಲ. "ಮೈಸೂರಲ್ಲಿ ಕರೆಂಟು ನನ್ ಮಾತ್ ಕೇಳೋಷ್ಟು ಯಾರ್ ಮಾತೂ ಕೇಳಾಕಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಹಾಗೆ ಹೇಳಿಕೊಳ್ಳುವುದು ಅವಳಿಗೆ ಒಪ್ಪುತ್ತದೆ, ಅದು ಬೇರೆ ಮಾತು.

ಲಕ್ಷ್ಮಮ್ಮ ಬ್ಯಾಟರಿಯಿಂದ ಶುರುಮಾಡಿ ತನ್ನ ಗೋಳೆಲ್ಲ ಹೇಳಹೊರಟಳು. ಮಂಚಮ್ಮ ಕೈ ಎತ್ತಿ ತಡೆದಳು.

"ಏನೇನ್ ಬದ್ಲಾಯ್ಸ್ದೆ ಅಂತ ಏಳ್ಬೇಡ ಕಣವ್ವ. ಯಾವತ್ತಿಂದ ಇಂಗಾಯ್ತದೆ, ಅದ್ನ ಏಳು."

"ರಜ ಮುಗಿದ್ಮೇಲೆ ಮಂಚಮ್ಮೋರೆ. ಅದಕ್ಕೂ ಮುಂಚೆ ಒಂದಿನ ಕೈ ಕೊಟ್ಟಿರ್ಲಿಲ್ಲ."

"ರಜದಲ್ಲಿ ಏನ್ ಮಾಡ್ದೆ ಗಾಡಿಗೆ?"

"ಏನೂ ಇಲ್ಲ. ಸುಮ್ನೆ ನಿಂತಿತ್ತು. ಆಯುಧಪೂಜೆ ಮಾಡ್ದೆ ಅಷ್ಟೆ."

ಮಂಚಮ್ಮ "ಊಂ" ಎಂದು ಬಾನೆಟ್ಟು ಎತ್ತಿದಳು. ಒಳಗೆ ನೋಡಿದವಳೇ ಹುಬ್ಬೇರಿಸಿದಳು. ಒಳಗಿನ ತಗಡಿಗೆಲ್ಲ ಮಿರಿಮಿರಿ ಕಪ್ಪು ಬಣ್ಣ, ಬ್ಯಾಟರಿಯ ತಟ್ಟೆಗೆ ಬೆಳ್ಳಿ ಬಣ್ಣ, ಒಂದು ಕಡೆ ಕುಂಕುಮದ ಬೊಟ್ಟು.

"ಯಾರವ್ವ ಬಣ್ಣ ಒಡ್ದಿದ್ದು?"

"ನಾನೇ" ಎಂದಳು ಲಕ್ಷ್ಮಮ್ಮ. ಅಷ್ಟು ಬೇಸರದಲ್ಲೂ ಅವಳ ದನಿಯಲ್ಲಿ ಹೆಮ್ಮೆ ಇಣುಕಿತು. ಅವಳ ಅಪ್ಪ ಲಾರಿ ಓಡಿಸುತ್ತಿದ್ದವರು. ಆಯುಧಪೂಜೆ ಬಂತೆಂದರೆ ಲಾರಿಯ ಕಬ್ಬಿಣವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಬಣ್ಣ ಬಳಿದು ಆಮೇಲೆಯೇ ಹೂವು ಹಾಕುತ್ತಿದ್ದರು. ತನ್ನ ಗಾಡಿಗೂ ಹಾಗೆ ಮಾಡಬೇಕೆಂಬ ಆಸೆಯನ್ನು ಲಕ್ಷ್ಮಮ್ಮ ಈ ವರ್ಷ ತೀರಿಸಿಕೊಂಡಿದ್ದಳು. ಬೋಲ್ಟುಗಳನ್ನು ಬಿಚ್ಚಿ, ವೈರುಗಳನ್ನು ಸರಿಸಿ, ಮೂಲೆಮೂಲೆಗೂ ಬ್ರಷ್ ಆಡಿಸಿ, ಎಲ್ಲವನ್ನೂ ಮೊದಲಿನಂತೆಯೇ ಕೂರಿಸಿದ್ದಳು.

"ಚಂದಾಗದೆ" ಎಂದಷ್ಟೇ ಹೇಳಿ ಮಂಚಮ್ಮ ಮೀಟರು ಹಿಡಿದು ಬಂದಳು.

ಅಲ್ಲಿಂದ ಮುಂದಿನದನ್ನು ನೋಡಲು ಲಕ್ಷ್ಮಮ್ಮನಿಗೆ ಕಣ್ಣು ಸಾಲದಾಯಿತು. ಬೇರೆಯವರ ಹಾಗೆ ಸ್ಪ್ಯಾನರಿಗೆ ಕೈ ಹಾಕುವ ಆತುರ ಈಕೆಗಿಲ್ಲ. ಮೊದಲು ಡೈನಮೋ ತಿರುಗಿಸುವ ಬೆಲ್ಟು ಸಡಿಲವಾಗಿ ಜಾರುತ್ತಿದೆಯೇ ಎಂದು ಬಗ್ಗಿ ನೋಡಿದಳು. ಬಿಗಿಯಾಗಿತ್ತು. ಓಡುತ್ತಿದ್ದ ಎಂಜಿನ್ನಿಗೆ ಸ್ವಲ್ಪ ರೇಸ್ ಕೊಡಿಸಿ, ಮೀಟರಿನ ಎರಡು ಕಡ್ಡಿಗಳನ್ನು ಡೈನಮೋಗೆ ಮುಟ್ಟಿಸಿದಳು. ಹದಿನಾಲ್ಕು ವೋಲ್ಟಿಗಿಂತ ಒಂದಿಷ್ಟು ಮೇಲೆ. ಅವೇ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದಾಗ ಹನ್ನೆರಡೂವರೆ.

"ನೋಡ್ದಾ? ಅಡುಗೆ ಮನೇಲಿ ಅನ್ನ ಬೇಯ್ತಾ ಅದೆ, ಉಣ್ಣೋನ್ ತಟ್ಟೆಗೆ ಬೀಳ್ತಿಲ್ಲ. ಅಡುಗೆಯೋನ್ನ ಬದ್ಲಾಯ್ಸಿ ಏನ್ ಬಂತು?"

ದಾರಿಯಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೊಂದೇ ಉಳಿದಿತ್ತು. ಡೈನಮೋದಿಂದ ಬ್ಯಾಟರಿಗೆ ಹೋಗುವ ದಪ್ಪ ವೈರಿನ ಆ ತುದಿಗೊಂದು ಕಡ್ಡಿ, ಈ ತುದಿಗೊಂದು ಕಡ್ಡಿ. ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸಿತು, ಹೋಗುವ ದಾರಿಯಲ್ಲಿ ತಡೆಯಿಲ್ಲ. ಆಮೇಲೆ ಬ್ಯಾಟರಿಯ ಮೈನಸ್ಸಿಗೂ ಡೈನಮೋದ ಮೈಗೂ ಮುಟ್ಟಿಸಿದಳು. ಅಲ್ಲಿ ಸೊನ್ನೆ ಇರಬೇಕಾದ ಕಡೆ ಒಂದೂವರೆ ವೋಲ್ಟು ಕೂತಿತ್ತು. ಮಂಚಮ್ಮನ ಕೈ ನಿಂತಿತು. ಎಲೆ ಅಡಿಕೆ ಜಗಿಯುವುದೂ ನಿಂತಿತು.

ಅವಳು ಎಂಜಿನ್ ಆಫ್ ಮಾಡಿಸಿ, ವ್ಯಾನಿನ ಹೆಡ್‌ಲೈಟು ಹಾಕಿಸಿದಳು. ಶೆಡ್ಡಿನೊಳಗಿನ ಕತ್ತಲೆ ಗೋಡೆಯ ಮೇಲೆ ಹಳದಿ ಬೆಳಕು ಸೋತು ಬಿದ್ದಿತ್ತು. ಒಂದು ದಪ್ಪ ಕೇಬಲ್ಲು ತಂದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿದಳು. ಎಂಜಿನ್ನಿನಿಂದ ಗಾಡಿಯ ಮೈಗೆ ಕರೆಂಟು ದಾಟಿಸುವ ತಂತಿಪಟ್ಟಿ ಗಟ್ಟಿಯಾಗೇ ಇತ್ತು. ಕೇಬಲ್ ಮುಟ್ಟಿದ್ದೇ ತಡ, ಗೋಡೆ ಬೆಳ್ಳಗಾಯಿತು.

ಲಕ್ಷ್ಮಮ್ಮ "ಅಯ್ಯೋ ದೇವರೇ" ಎಂದುಬಿಟ್ಟಳು. ಹೊಸ ಸಾಮಾನು ಒಂದೂ ಇಲ್ಲದೆ, ಕಣ್ಣೆದುರಿಗೇ ಬೆಳಕು ಎರಡರಷ್ಟಾಗಿತ್ತು.

ಮಂಚಮ್ಮ ಬ್ಯಾಟರಿಯ ಮೈನಸ್ ವೈರು ಗಾಡಿಯ ಮೈಗೆ ಸೇರುವ ಬೋಲ್ಟನ್ನು ಬಿಚ್ಚಿದಳು. ಕೆಳಗೆ ದಪ್ಪಗೆ, ನುಣ್ಣಗೆ, ಮಿರಿಮಿರಿ ಕಪ್ಪು ಬಣ್ಣ.

"ಕರೆಂಟಿಗೆ ಓಗೋಕೊಂದು ದಾರಿ, ವಾಪಸ್ ಬರೋಕೊಂದು ದಾರಿ ಬೇಕು ಕಣಮ್ಮ. ಬರೋ ದಾರಿಗೆ ನೀನು ಬಣ್ಣ ಬಳ್ದ್ಬುಟ್ಟಿದ್ದೀಯ. ಬೋಲ್ಟಿನ ಸಂದೀಲಿ ನುಸುಳಿ ಅಷ್ಟೋ ಇಷ್ಟೋ ಬರ್ತಿತ್ತು, ಪಾಪ."

ಲಕ್ಷ್ಮಮ್ಮನ ಮುಖ ಕೆಂಪಾಯಿತು. ಬ್ಯಾಟರಿಯನ್ನು ಬೈದಿದ್ದಳು, ಡೈನಮೋವನ್ನು ಬೈದಿದ್ದಳು, ಇಬ್ಬರು ಮೆಕ್ಯಾನಿಕ್ಕುಗಳ ಏಳು ತಲೆಮಾರನ್ನು ಬೈದಿದ್ದಳು. ರೋಗ ತಂದದ್ದು ತನ್ನದೇ ಬ್ರಷ್ಷು. ಮುದ್ದು ಮಾಡಲು ಹೋಗಿ ಗಾಡಿಯ ಕತ್ತು ಹಿಸುಕಿದ್ದಳು. ಅದನ್ನು ಒಪ್ಪಿಕೊಳ್ಳುವಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಮೂತಿ ಯಾಕ್ ಇಳಿಬುಡ್ತೀಯ? ಬಣ್ಣ ಒಡ್ದಿದ್ದು ತಪ್ಪಲ್ಲ. ಮುಂದಿನ ವರ್ಸಾನೂ ಒಡಿ. ಇದೊಂದ್ ಜಾಗ ಬುಟ್ಬುಡು" ಎಂದು ಮಂಚಮ್ಮ ಎಮರಿ ಪೇಪರನ್ನು ತಾನು ಹಿಡಿಯದೆ ಅವಳ ಕೈಗೇ ಕೊಟ್ಟಳು. "ನೀನ್ ಬಳ್ದಿದ್ದು, ನೀನೇ ಉಜ್ಜು."

ಗಾಡಿಗೊಂದು ಗೀರು ಬಿದ್ದರೂ ಊಟ ಸೇರದ ಲಕ್ಷ್ಮಮ್ಮ ತನ್ನ ಕೈಯಾರೆ ಬಣ್ಣ ಕೆರೆದಳು. ಕಪ್ಪು ಪುಡಿ ಉದುರಿ, ರೂಪಾಯಿಯಗಲ ಕಬ್ಬಿಣ ಹೊಳೆಯಿತು. ಅದನ್ನು ನೋಡುತ್ತಿದ್ದಂತೆ ಅಪ್ಪನ ಲಾರಿ ನೆನಪಾಯಿತು. ಅಷ್ಟು ಬಣ್ಣದ ನಡುವೆ ಅಲ್ಲೂ ಇಂಥದೊಂದು ಬೋಳು ಜಾಗ, ಸುತ್ತ ಗ್ರೀಸು. ಬಣ್ಣ ಸಾಲದೆ ಬಿಟ್ಟಿರಬೇಕೆಂದು ಆಗ ಅಪ್ಪನನ್ನು ಗೇಲಿ ಮಾಡಿದ್ದಳು. ಅಪ್ಪ ನಕ್ಕುಬಿಟ್ಟಿದ್ದರು. ಮಂಚಮ್ಮ ವೈರು ಕೂರಿಸಿ, ಬೋಲ್ಟು ಬಿಗಿದು, ತುಕ್ಕು ಹಿಡಿಯದಿರಲೆಂದು ಮೇಲೆ ಗ್ರೀಸು ಸವರಿದಳು. ಅಂಗಡಿಯ ಇನ್ನೊಂದು ಬ್ಯಾಟರಿಯ ಆಸರೆಯಲ್ಲಿ ಎಂಜಿನ್ ಎಬ್ಬಿಸಿ ಅಳೆದಾಗ, ಬ್ಯಾಟರಿಯ ಮೇಲೂ ಈಗ ಹದಿನಾಲ್ಕು. ಬರಿದಾಗಿದ್ದ ಬ್ಯಾಟರಿಯನ್ನು ಅಂಗಡಿಯ ಚಾರ್ಜರಿಗೆ ಹಾಕಿ ಭಾನುವಾರ ಕೊಟ್ಟಳು.

ಸೋಮವಾರ ಬೆಳಿಗ್ಗೆ ವ್ಯಾನು ರಮಾಮಣಿಯವರ ಗೇಟಿನ ಮುಂದೆ, ಅದೇ ಸಮತಟ್ಟಾದ ರಸ್ತೆಯಲ್ಲಿ ನಿಂತಿತು. ತಳ್ಳಲು ತಯಾರಾಗಿಯೋ ಏನೋ, ಯಜಮಾನರು ಅಂಗಿಯ ತೋಳು ಮಡಚಿಕೊಂಡೇ ನಿಂತಿದ್ದರು. ರಮಾಮಣಿ ಮಗಳ ಬ್ಯಾಗು ಹಿಡಿದು ಗೇಟಿಗೆ ಬಂದರು.

"ಆಫ್ ಮಾಡ್ಬೇಡಿ ಲಕ್ಷ್ಮಮ್ಮ, ಬಂದ್ಬಿಟ್ಳು" ಎಂದು ಗಾಬರಿಯಿಂದ ಕೂಗಿದರು.

ಲಕ್ಷ್ಮಮ್ಮ ಅವರ ಮುಖವನ್ನೇ ನೋಡುತ್ತ ಎಂಜಿನ್ ಆಫ್ ಮಾಡಿದಳು. ಇಷ್ಟು ದಿನ ಗುಡುಗುಡು ಸದ್ದಿನಲ್ಲಿ ಮುಚ್ಚಿಹೋಗಿದ್ದ ಮಕ್ಕಳ ಮಾತು ಒಮ್ಮೆಲೇ ಕೇಳಿಸಿತು. ಕೆಳಗಿಳಿದು ಬಾಗಿಲು ತೆಗೆದಳು, ಮಗುವನ್ನು ಹತ್ತಿಸಿದಳು, ಸಿಂಚನಳನ್ನು ಕಿಟಕಿಯ ಪಕ್ಕಕ್ಕೆ ಸರಿಸಿದಳು. ಯಾವ ಅವಸರವೂ ಇಲ್ಲದೆ ಬಂದು ಕೂತು, ಕೀ ತಿರುಗಿಸಿದಳು.

ಮೊದಲ ಏಟಿಗೇ ಎದ್ದಿತು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಯಜಮಾನರು ಮಡಚಿದ್ದ ತೋಳನ್ನು ಬಿಡಿಸಿಕೊಂಡರು.

"ಸಂಜೆ ಮಾಮೂಲಿ ಟೈಮಿಗೇ ಬರ್ತೀರಲ್ವಾ?" ಎಂದು ಕೇಳಿದರು ರಮಾಮಣಿ.

"ಬರ್ತೀನಿ ಕಣ್ರೀ" ಎಂದು ಲಕ್ಷ್ಮಮ್ಮ ಗೇರು ಹಾಕಿದಳು.