ಮುದಿ ಹೆಣ್ಣಾನೆಯ ಬಿನ್ನವತ್ತಳೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರೇ ನಿವೃತ್ತರಾಗಲಿ, ಗಾಜಿನ ಚೌಕಟ್ಟಿನೊಳಗೆ ಕೂರುವ ಬಿನ್ನವತ್ತಳೆಯನ್ನು ಬರೆಯುವ ಹಕ್ಕು ಕನ್ನಡ ಮೇಷ್ಟ್ರು ಓಂಕಾರಪ್ಪನವರದು. ಅವರ ಲೇಖನಿಯಲ್ಲಿ ಗುಮಾಸ್ತರು ಮೇರುಪರ್ವತವಾಗಿದ್ದರು, ಪೋಸ್ಟ್‌ಮಾಸ್ಟರು ಆಲದ ಮರವಾಗಿದ್ದರು. ನಂದಾದೀಪಗಳಿಗಂತೂ ಲೆಕ್ಕವೇ ಇರಲಿಲ್ಲ. ಅವರನ್ನು ಕವಿಯೆಂದು ಕರೆದವರು ಮಾತ್ರ ಒಬ್ಬರೂ ಇಲ್ಲ.

ಈ ಸಲ ನಿವೃತ್ತರಾಗುತ್ತಿದ್ದವರು ಅವರದೇ ಶಾಲೆಯ ವಿಮಲಾ ಮೇಡಂ. ಮುಖ್ಯ ಅತಿಥಿ, ಶಿವಮೊಗ್ಗದಲ್ಲಿ ವರ್ಷವರ್ಷವೂ ಕವಿಗೋಷ್ಠಿ ನಡೆಸುವ ಪ್ರೊಫೆಸರ್ ವಿಜಯಕುಮಾರ್. ಅವರ ಕಿವಿಗೊಂದು ಹೊಸ ರೂಪಕ ಬಿದ್ದರೆ ಗೋಷ್ಠಿಯಲ್ಲಿ ತನಗೂ ಒಂದು ಕುರ್ಚಿ ಸಿಕ್ಕೀತೆಂದು ಓಂಕಾರಪ್ಪನವರು ವಾರವಿಡೀ ತಿಣುಕಿದರು. ಕಡೆಗೆ, ಮಕ್ಕಳನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದೊಯ್ದ ದಿನ ನೆನಪಾಯಿತು. ಹೊಸದಾಗಿ ಹಿಡಿದು ತಂದ ಆನೆಯೊಂದು ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತಿತ್ತು. ಮುದಿ ಹೆಣ್ಣಾನೆಯೊಂದು ಬಂದು, ಏನೂ ಮಾಡದೆ, ಸುಮ್ಮನೆ ಪಕ್ಕದಲ್ಲಿ ನಿಂತಿತು. ಹೊಸತರ ಗಾಬರಿ ಮೆಲ್ಲಗೆ ಇಳಿಯಿತು. ಬಸ್ಸಿನವನು ಹಾರನ್ ಹೊಡೆದರೂ, ಅದನ್ನೇ ನೋಡುತ್ತಿದ್ದ ವಿಮಲಾ ಮೇಡಂ ಅಲ್ಲಿಂದ ಕದಲಿರಲಿಲ್ಲ. ಶಾಲೆಗೆ ಸೇರಿದ ದಿನ ಅಳುವ ಮಕ್ಕಳ ಪಕ್ಕ ಅವರು ನಿಲ್ಲುತ್ತಿದ್ದುದೂ ಹಾಗೆಯೇ. ಮೇಷ್ಟ್ರು ಬರೆದರು: ‘ಸಕ್ರೆಬೈಲಿನ ಮುದಿ ಹೆಣ್ಣಾನೆ ನೀವು, ತಾಯಿ.’

ಸಮಾರಂಭದ ದಿನ ವೇದಿಕೆಯ ಹಿಂದೆ ಅದನ್ನೋದಿದ ಸನ್ಮಾನ ಸಮಿತಿಯ ಕಾರ್ಯದರ್ಶಿ ಚೌಡಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ.

“ಏನ್ ಮೇಷ್ಟ್ರೇ, ಮೇಡಮ್ಮೋರ ಮೈಕಟ್ಟು ನೋಡಿದ್ದೀರಲ್ಲ? ಹಾರ ಹಾಕಿ ಕೂರಿಸಿ ಆನೆ ಅಂತೀರಾ?”

“ಅದು ರೂಪಕ, ಮಾರಾಯ.”

“ರೂಪಕನೋ ಗೀಪಕನೋ, ಜನಕ್ಕೆ ಕಾಣೋದು ಆನೇನೇ. ನಿಮ್ಮ ಹಳೇ ದೀಪಕ್ಕೇನು ಎಣ್ಣೆ ಖರ್ಚೇ? ಹಚ್ಚಿ ಅತ್ಲಾಗೆ!”

ಮೇಷ್ಟ್ರ ಧೈರ್ಯ ಉಡುಗಿತು. ಆನೆಯ ಹಾಳೆ ಜೇಬು ಸೇರಿತು. ಹೊಸ ಹಾಳೆಯಲ್ಲಿ ನಂದಾದೀಪ ಬೆಳಗಿತು. ಓದಿದಾಗ ಸಭೆ ಚಪ್ಪಾಳೆ ತಟ್ಟಿತು. ಪ್ರೊಫೆಸರರು ಆಕಳಿಸಿದರು.

ವಿಮಲಾ ಮೇಡಂ ಉತ್ತರಿಸಲು ಎದ್ದರು. “ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ದೀಪ ಅಂದ್ರು. ನಾನೆಲ್ಲಿ ದೀಪ? ಅಳೋ ಮಕ್ಕಳ ಪಕ್ಕ ನಿಂತ್ಕೊಂಡೆ, ಅಷ್ಟೇ. ಸಕ್ರೆಬೈಲಿನ ಮುದಿ ಹೆಣ್ಣಾನೆ ನಾನು.”

ಪ್ರೊಫೆಸರರು ಕುರ್ಚಿಯಿಂದ ಚಿಮ್ಮಿ ನಿಂತರು. “ಆಹಾ! ರೂಪಕ ಅಂದ್ರೆ ಇದು! ಮೇಡಂ, ಈ ಸಲದ ಗೋಷ್ಠಿಗೆ ನೀವು ಬರಲೇಬೇಕು.” ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಚೌಡಪ್ಪ.

ವೇದಿಕೆಯಿಂದ ಇಳಿದವರೇ ಪ್ರೊಫೆಸರರು ಓಂಕಾರಪ್ಪನವರ ಹೆಗಲ ಮೇಲೆ ಕೈಯಿಟ್ಟರು. “ಮೇಷ್ಟ್ರೇ, ಗೋಷ್ಠೀಲಿ ಮೇಡಂನ ಪರಿಚಯ ಮಾಡೋಕೆ ನಾಲ್ಕು ಸಾಲು ಬರ್ಕೊಡಿ. ದೀಪ ಬೇಡ, ಆ ಆನೇನೇ ಇರ್ಲಿ.”

ಓಂಕಾರಪ್ಪನವರು ಜೇಬಿನ ಹಾಳೆಯನ್ನು ಬಿಡಿಸಿ ಕೊಟ್ಟರು.

ಪ್ರೊಫೆಸರರು ಓದಿ ಹುಬ್ಬೇರಿಸಿದರು. “ಅಬ್ಬಾ, ಇಷ್ಟು ಬೇಗ! ಮೇಡಂ ಹೇಳಿದ್ದನ್ನ ಹಾಗ್ಹಾಗೇ ಇಳಿಸ್ಕೊಂಡ್ಬಿಟ್ಟಿದ್ದೀರಲ್ಲ!”