ಎರಡೂ ಕೈಗಳನ್ನು ಬಳಸಿ

ಹೊಸ ಕಟಿಂಗ್ ಮಿಷನ್ನಿಗೆ ಮಾತು ಬರುತ್ತಿತ್ತು. ಕತ್ತರಿಯಣ್ಣನ ಪಿತ್ತ ನೆತ್ತಿಗೇರಲು ಅಷ್ಟೇ ಸಾಕಾಯಿತು.

“ದಯವಿಟ್ಟು ಎರಡೂ ಕೈಗಳನ್ನು ಬಳಸಿ,” ಎಂದಿತು ಅದು, ಆಗತಾನೇ ಜೇನು ನೆಕ್ಕಿ ಬಂದಂಥ ಹೆಣ್ಣುದನಿಯಲ್ಲಿ.

“ಬಳಸ್ತೀನಿ ತಾಳಮ್ಮ,” ಎಂದು ಅವನು ಹಲ್ಲು ಕಡಿದ.

ಆ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ಕೆಲಸ ಅವನೊಬ್ಬನದೇ. ಎಷ್ಟು ಕಾಲದಿಂದ ಎಂದರೆ, ಅವನ ನಿಜವಾದ ಹೆಸರು ಸಂಬಳ ಕೊಡುವ ಯಜಮಾನರಿಗೂ ಮರೆತುಹೋಗಿತ್ತು. ಅಲ್ಲೇ ಪುಸ್ತಕ ಹೊಲಿಯುವ ಮೇಜಿನಲ್ಲಿ ಕೂರುವ ಅವನ ಹೆಂಡತಿ ಎಲ್ಲರಿಗೂ ಹೊಲಿಗೆಯಕ್ಕ. ಹಳೆಯ ಮಿಷನ್ನಿನಲ್ಲಿ ಕಾಗದದ ಕಟ್ಟು ಒಳಗಿಟ್ಟು ಉದ್ದನೆಯ ಹಿಡಿಯನ್ನು ಬಲಗೈಯಲ್ಲಿ ಎಳೆದರೆ ಮುಗಿಯಿತು, ಬ್ಲೇಡು ಕರಕ್ಕನೆ ಇಳಿಯುತ್ತಿತ್ತು. ಹೊಸದಕ್ಕೆ ಎಡಕ್ಕೊಂದು ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೇ ಒತ್ತಬೇಕು. ಕಣ್ಣು ಮಿಟುಕಿಸುವಷ್ಟು ಹಿಂದೆ ಮುಂದೆ ಆದರೂ ಬ್ಲೇಡು ಕದಲುವುದಿಲ್ಲ. ಬ್ಲೇಡು ಇಳಿಯುವಾಗ ಎರಡು ಕೈಯೂ ಹೊರಗಿರಲಿ ಎಂಬ ಮುಂದಾಲೋಚನೆ.

ಮುಂದಾಲೋಚನೆ ಮಾಡಿದ ಮಹಾನುಭಾವನಿಗೆ ಕತ್ತರಿಯಣ್ಣನ ಎಡಗೈ ಗೊತ್ತಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆದಿತ್ತು. ವಿಷಮಜ್ವರ ಎಂದು ಅಂಗಡಿಗೆ ಹೇಳಿ ಕಳಿಸಿ, ನಡಿಗೆ ಸರಿಹೋದ ಮೇಲೆ ಏನೂ ಆಗದವನ ಹಾಗೆ ಬಂದು ನಿಂತಿದ್ದ. ಎಡಗೈ ಮಾತ್ರ ಪೂರ್ತಿ ವಾಪಸು ಬರಲಿಲ್ಲ. ಏಳು ಎಂದರೆ ಅದು ಯೋಚನೆ ಮಾಡಿ ಏಳುತ್ತಿತ್ತು. ಯಜಮಾನರಿಗೆ ತಿಳಿದರೆ ತನ್ನನ್ನು ಮಿಷನ್ನಿನಿಂದ ಬಿಡಿಸಿ ಅಂಟು ಹಚ್ಚುವ ಮೂಲೆಗೆ ಕೂರಿಸುತ್ತಾರೆ, ಆಮೇಲೆ ತಾನು ಯಾರ ಕತ್ತರಿಯಣ್ಣನೂ ಅಲ್ಲ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಬಾಯಿಲ್ಲದ ಹಳೆಯ ಮಿಷನ್ನು ಗುಟ್ಟು ಕಾಪಾಡಿತ್ತು. ಈ ಬಾಯಿಬಡುಕಿ ಬಂದ ದಿನವೇ ಅಂಗಡಿಗೆಲ್ಲ ಡಂಗುರ ಹೊಡೆಯುತ್ತಿತ್ತು.

ಮನೆಯಲ್ಲೂ ಇದೇ ಗೋಳು. ಮಾತ್ರೆ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದು ತಿರುಗಿಸಬೇಕಂತೆ, ಮಕ್ಕಳು ತೆಗೆಯಬಾರದೆಂದು. ಮಕ್ಕಳೇನೋ ತೆಗೆಯುವುದಿಲ್ಲ, ಮಾತ್ರೆ ಬೇಕಾದವನೂ ತೆಗೆಯಲಾರ. ಇಸ್ತ್ರಿಪೆಟ್ಟಿಗೆ ಅಂಗಿಯ ಒಂದು ತೋಳು ಮುಗಿಯುವಷ್ಟರಲ್ಲಿ ತಾನಾಗಿಯೇ ಆರಿಹೋಗುತ್ತದೆ. ಮಿಕ್ಸಿ ತನ್ನ ಮುಚ್ಚಳ ಕಟಕ್ಕೆನ್ನದೆ ತಿರುಗುವುದಿಲ್ಲ. “ಇರೋರೆಲ್ಲ ಮಂಗಗಳು ಅಂದ್ಕೊಂಡಿದ್ದಾರೆ ಇವರು,” ಎಂದು ಕತ್ತರಿಯಣ್ಣ ದಿನಾ ಹೇಳುತ್ತಿದ್ದ. ಅದರಲ್ಲಿ ಸುಳ್ಳೇನಿದೆ? ಅಂಥ ಮುಚ್ಚಳದೆದುರು ಸೋತು, ತಲೆನೋವನ್ನೇ ಅಪ್ಪಿಕೊಂಡು ಮಲಗಿದವರು ಬೇಕಾದಷ್ಟು ಜನ ಇದ್ದಾರೆ.

ಸಂಜೆಯೊಳಗೆ ಶಾಲೆಯ ನೋಟ್‌ಬುಕ್ಕುಗಳ ರಾಶಿ ಮುಗಿಯಬೇಕಿತ್ತು. ಅವನು ಎಡಗುಂಡಿಯ ಮೇಲೆ ಮರದ ತುಂಡಿಟ್ಟು ಅಂಟುಪಟ್ಟಿ ಸುತ್ತಿದ. “ದಯವಿಟ್ಟು ಎಡಗುಂಡಿಯನ್ನು ಬಿಡಿ,” ಎಂದಿತು ಮಿಷನ್ನು. ಬಗ್ಗಿ ಗಲ್ಲದಿಂದ ಒತ್ತಲು ನೋಡಿದ. “ದಯವಿಟ್ಟು ಹಿಂದೆ ಸರಿಯಿರಿ.” ಮೊಣಕಾಲು ಎತ್ತಿದ. ಗುಂಡಿ ಎಟುಕಲಿಲ್ಲ, ಸೊಂಟ ಹಿಡಿದುಕೊಂಡಿತು.

ಕೊನೆಗೆ ಹೊಲಿಗೆಯಕ್ಕನಿಗೆ ಕಣ್ಸನ್ನೆ ಮಾಡಿದ. ಅವಳು ಕಾಗದ ಕೊಡುವ ನೆಪದಲ್ಲಿ ಬಂದು ಎಡಕ್ಕೆ ನಿಂತಳು.

“ನಾನು ಹೂಂ ಅಂದಾಗ ಒತ್ತು,” ಎಂದ ಮೆಲ್ಲಗೆ.

ತಪ್ಪಾದದ್ದೇ ಅಲ್ಲಿ. ಇವರ ಸಂಸಾರದಲ್ಲಿ ಅವನ ಪಾಲಿನ ಮಾತೆಲ್ಲ ಹೂಂ ಒಂದೇ. ಕೇಳಿಸಿತು ಎನ್ನುವ ಹೂಂ, ಏನಾದರೂ ಮಾಡಿಕೋ ಎನ್ನುವ ಹೂಂ, ಸಾಕುಮಾಡು ಎನ್ನುವ ಹೂಂ.

“ಈಗಲಾ?” ಎಂದು ಅವಳು ಕೇಳಿದಳು.

“ಹೂಂ, ತಡಿ,” ಎನ್ನುವಷ್ಟರಲ್ಲಿ ಅವಳು ಒತ್ತಿಯಾಗಿತ್ತು. ಜೇನುದನಿ ಮತ್ತೆ ಬುದ್ಧಿ ಹೇಳಿತು.

“ಕಟ್ಟು ಸ್ವಲ್ಪ ವಾರೆಯಾಗಿಲ್ವೇನ್ರೀ?”

“ಹೂಂ.”

ಒತ್ತಿದಳು.

“ಅದು ಆ ಹೂಂ ಅಲ್ಲ ಕಣೇ.”

“ಯಾವ ಹೂಂ ಯಾವುದು ಅಂತ ಮದುವೆಯಾದಾಗಿಂದ ಹುಡುಕ್ತಾನೇ ಇದ್ದೀನಿ,” ಎಂದಳು ಅವಳು.

“ಬಾಯಿ ಮುಚ್ಕೊಂಡು ನಿಂತ್ಕೋ” ಎಂದು ಅವನು ರೇಗುವುದಕ್ಕೂ ಯಜಮಾನರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಹೆಂಡತಿಯ ಕೈ ಕಾಣದ ಹಾಗೆ ಕತ್ತರಿಯಣ್ಣ ಮಿಷನ್ನಿನ ಮೇಲೆ ಬಾಗಿದ. ಆದರೂ ಜೋರು ಬಿಡಲಿಲ್ಲ. “ಯಜಮಾನ್ರೇ, ಈ ದರಿದ್ರ ಯಾರಿಗೆ ಬೇಕಿತ್ತು? ನಾನೇನು ಎಳೆಮಗುನಾ? ಇದು ಒಂದು ಸಲ ಕತ್ತರಿಸೋದ್ರೊಳಗೆ ನನ್ನ ಹಳೇ ಮಿಷನ್ನು ಅರ್ಧ ರಾಶಿ ಮುಗಿಸ್ತಿತ್ತು. ಮೂಲೇಲಿರೋ ಹಳೇದನ್ನೇ ಇಲ್ಲಿಗೆ ಎಳೆಸಿಕೊಡಿ.”

ಯಜಮಾನರು ಅವನನ್ನಲ್ಲ, ಹೊಲಿಗೆಯಕ್ಕನನ್ನು ನೋಡಿದರು. “ನೀನೇ ಹೇಳ್ತೀಯೋ, ನಾನು ಹೇಳ್ಲೋ?”

ಅವಳು ಗುಂಡಿಯಿಂದ ಕೈ ತೆಗೆದಳು. “ನಾನೇ ಕೇಳ್ಕೊಂಡಿದ್ದು ಕಣ್ರೀ, ಕೈ ಒಳಗಿದ್ರೆ ನಡೀದೇ ಇರೋ ಮಿಷನ್ನು ತನ್ನಿ ಅಂತ. ಎರಡು ಗುಂಡಿ ಇರತ್ತೆ ಅಂತ ನನಗೇನು ಗೊತ್ತಿತ್ತು.”

ಕತ್ತರಿಯಣ್ಣನಿಗೆ ಮೈಯೆಲ್ಲ ಉರಿಯಿತು. ಮನೆಯವಳೇ ಹೋಗಿ ಗುಟ್ಟು ಬಿಟ್ಟುಕೊಟ್ಟಿದ್ದಳು. ಯಜಮಾನರು ಇಷ್ಟು ದಿನ ಎಲ್ಲ ತಿಳಿದೂ ತನ್ನ ನಾಟಕ ನೋಡಿದ್ದರು.

“ಹೋದ ತಿಂಗಳು ನಾನು ಜಿರಳೆ ಅಂತ ಕಿರುಚಿದ್ದು ನೆನಪಿದೆಯಾ?” ಎಂದಳು ಅವಳು. “ನೀವು ಅಂಗಡಿಯವರನ್ನೆಲ್ಲ ಕರೆದು ನಕ್ಕಿದ್ರಿ. ಜಿರಳೆ ಇರ್ಲಿಲ್ಲ. ನನ್ನ ಕಡೆ ತಿರುಗಿ ಮಾತಾಡ್ತಾ ಹಿಡಿ ಎಳೆಯೋಕೆ ಹೊರಟಿದ್ರಿ. ನಿಮ್ಮ ಎಡಗೈ ಬ್ಲೇಡಿನ ಕೆಳಗೇ ಬಿದ್ದಿತ್ತು.”

“ಸುಳ್ಳು. ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?”

“ಈಗ ಎಲ್ಲಿದೆ ನೋಡಿ.”

ನೋಡಿದ. ಬಾಗಿದಾಗ ಭಾರವೆಲ್ಲ ಎಡಗೈ ಮೇಲೆ ಬಿದ್ದು, ಮಿಷನ್ನಿನ ಕಬ್ಬಿಣದ ಅಂಚು ಅಂಗೈಯೊಳಗೆ ನೆಟ್ಟುಕೊಂಡಿತ್ತು. ಬಲಗೈಯಿಂದ ಎತ್ತಿ ನೋಡಿದರೆ ಚರ್ಮ ಸೀಳಿ ಸಣ್ಣಗೆ ರಕ್ತ ಜಿನುಗುತ್ತಿತ್ತು. ಒಂದಿಷ್ಟೂ ನೋವಿರಲಿಲ್ಲ. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

“ನನ್ನ ಹತ್ರ ಹೇಳೋಕೆ ಏನಾಗಿತ್ತು ನಿನಗೆ?”

“ಹೇಳಿದ್ರೆ ಕೈನ ಜೇಬಲ್ಲಿಟ್ಕೊಂಡು ಮತ್ತೆ ಅಲ್ಲೇ ನಿಲ್ತಿದ್ರಿ. ಅದು ಜೇಬಿಂದ ಯಾವಾಗ ಹೊರಗೆ ಬಂತು ಅನ್ನೋದೂ ನಿಮಗೆ ತಿಳೀತಿರ್ಲಿಲ್ಲ.”

ಅವನು ಅಂಗೈಯ ರಕ್ತವನ್ನು ಅಂಗಿಗೆ ಒರೆಸಿಕೊಂಡ.

ಯಜಮಾನರು ನಡುವೆ ಬಂದರು. “ಕಟಿಂಗ್ ನಿನ್ನದೇ, ಅದರಲ್ಲಿ ಎರಡು ಮಾತಿಲ್ಲ. ಅಕ್ಕ ಎಡಕ್ಕೆ ನಿಲ್ಲಲಿ, ಹೊಲಿಗೆಗೆ ಬೇರೆಯವರನ್ನ ನೋಡ್ತೀನಿ. ಇಲ್ಲ, ಹಳೇದೇ ಬೇಕು ಅಂದ್ರೆ ಈಗ್ಲೇ ಎಳೆಸ್ತೀನಿ. ನೀನೇ ಹೇಳು.”

ಗೋಣಿತಾಟು ಹೊದ್ದು ಮೂಲೆಯಲ್ಲಿ ನಿಂತ ಹಳೆಯ ಮಿಷನ್ನಿನತ್ತ ಕತ್ತರಿಯಣ್ಣ ತಿರುಗಿ ನೋಡಿದ.

“ಗುಜರಿಗೆ ಹಾಕಿ ಅದನ್ನ,” ಎಂದ. “ಇದರ ಬಾಯಿಗೆ ಮಾತ್ರ ಏನಾದ್ರೂ ತುರುಕಿಸಿ. ಕೇಳೋಕಾಗ್ತಿಲ್ಲ.”

ಹೊಲಿಗೆಯಕ್ಕ ತನ್ನ ಸೂಜಿ ದಾರ ಎತ್ತಿಟ್ಟು ಬಂದು, ಅವನ ಅಂಗೈಗೆ ಬಟ್ಟೆ ಕಟ್ಟಿ, ಎಡಗುಂಡಿಯ ಮುಂದೆ ಅದನ್ನೇ ದಿಟ್ಟಿಸುತ್ತ ನಿಂತಳು.

“ಗುಂಡಿ ಒಂದನ್ನೇ ನೋಡ್ತಾ ನಿಲ್ಬೇಡ,” ಎಂದ ಅವನು, ಅವಳಿಗಷ್ಟೇ ಕೇಳುವ ಹಾಗೆ. “ನನ್ನ ಕೈ ಎಲ್ಲಿದೆ ಅಂತ ನೋಡ್ತಿರು. ನನಗೆ ಗೊತ್ತಾಗಲ್ಲ.”