ಮೊದಲೇ ಯಾರೋ ನೋಡಿದ್ದು

ನುಗ್ಗೇಹಳ್ಳಿಯ ಅರ್ಧ ಊರಿಗೆ ಕೇಬಲ್ಲು, ಇಂಟರ್‌ನೆಟ್ಟು ಕೊಡುತ್ತಿದ್ದವನು ರಜನೀಶ. ಚನ್ನರಾಯಪಟ್ಟಣದಿಂದ ಬರುವ ಲೈನು ಸಣ್ಣದು. ಸಂಜೆ ಹೊತ್ತು ನಾಲ್ಕು ಮನೆಯವರು ಒಟ್ಟಿಗೆ ವಿಡಿಯೊ ನೋಡಲು ಕೂತರೆ ಸಾಕು, ಎಲ್ಲರ ಮೊಬೈಲಿನಲ್ಲೂ ಚಕ್ರ ತಿರುಗತೊಡಗುತ್ತಿತ್ತು. ಲೈನು ಅವನದಾದರೂ ಬೈಸಿಕೊಳ್ಳುತ್ತಿದ್ದವಳು ಹೆಂಡತಿ ನೇತ್ರಾ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಕೂರುವವಳು ಅವಳು.

ಹಾಗಾಗಿ ಹಾಸನದ ಎಂಜಿನಿಯರಿಂಗ್ ಕಾಲೇಜೊಂದರ ಮೇಡಂ ಭವ್ಯಶ್ರೀ, ತಾನೇ ಕಂಡುಹಿಡಿದ ಒಂದು ಪೆಟ್ಟಿಗೆಯನ್ನು ಪರೀಕ್ಷೆಗೆಂದು ತಂದಾಗ ರಜನೀಶ ಎರಡನೇ ಮಾತಾಡದೆ ಅದನ್ನು ಅಂಗಡಿಯ ಗೋಡೆಗೆ ಕೂರಿಸಿಬಿಟ್ಟ. ಬೇಸಾಯ, ಮಕ್ಕಳ ಪಾಠ, ಡಾಕ್ಟರುಗಳ ಸಲಹೆ ಎಲ್ಲ ಕನ್ನಡದಲ್ಲಿ ಸಿಗುವ ಆ್ಯಪ್ ಒಂದು ಅವಳ ಕಾಲೇಜಿನದಿತ್ತು. ಅದರಲ್ಲಿ ಯಾರಾದರೂ ಒಂದು ವಿಡಿಯೊ ಕೇಳಿದರೆ ಮೊದಲ ಸಲ ಅದು ದೂರದಿಂದ ತೆವಳಿಕೊಂಡು ಬರುತ್ತಿತ್ತು. ಬಂದದ್ದರ ಒಂದು ಪ್ರತಿಯನ್ನು ಪೆಟ್ಟಿಗೆ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಊರಿನಲ್ಲಿ ಇನ್ಯಾರೇ ಅದನ್ನು ಕೇಳಲಿ, ಪೆಟ್ಟಿಗೆಯಿಂದಲೇ ತಟ್ಟನೆ ಸಿಗುತ್ತಿತ್ತು. ಒಂದೇ ಸರಕನ್ನು ಸಣ್ಣ ದಾರಿಯಲ್ಲಿ ಮತ್ತೆ ಮತ್ತೆ ಎಳೆದು ತರುವ ಕೆಲಸ ತಪ್ಪುತ್ತದೆ ಎಂದು ಭವ್ಯಶ್ರೀ ಬಿಡಿಸಿ ಹೇಳಿದ್ದಳು. ನೇತ್ರಾಗೆ ಅದು ಚೆನ್ನಾಗಿ ಅರ್ಥವಾಗಿತ್ತು.

ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಅವಳ ಎಡ ಮೊಲೆಯಲ್ಲಿ ಗೋಲಿಯಂಥ ಗಂಟು ಕೈಗೆ ತಗುಲಿತು. ಮಗಳಿಗೆ ಇನ್ನೂ ಹಾಲು ಕುಡಿಸುತ್ತಿದ್ದಳು. ಗಂಡನಿಗೂ ಹೇಳಲಿಲ್ಲ, ಅತ್ತೆ ಕಮಲಾಕ್ಷಮ್ಮನಿಗೂ ಹೇಳಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಆ್ಯಪ್ ತೆರೆದು, ಮೈಕು ಒತ್ತಿ, ಮೆಲ್ಲಗೆ ಕೇಳಿದಳು. ಯಾರೋ ಲೇಡಿ ಡಾಕ್ಟರು ಮಾತಾಡಿದ ಒಂದು ವಿಡಿಯೊ ಬಂತು. ಅದನ್ನು ಮುಟ್ಟಿ, ಚಕ್ರ ತಿರುಗುವುದನ್ನು ಕಾಯಲು ಸಿದ್ಧಳಾದಳು.

ಚಕ್ರ ತಿರುಗಲೇ ಇಲ್ಲ. ಬೆರಳು ಎತ್ತುವಷ್ಟರಲ್ಲಿ ಡಾಕ್ಟರು ಮಾತಾಡತೊಡಗಿದ್ದರು.

ನೇತ್ರಾ ತಲೆಯೆತ್ತಿ ಗೋಡೆಯ ಪೆಟ್ಟಿಗೆಯನ್ನು ನೋಡಿದಳು. ಇದನ್ನು ಊರಿನಲ್ಲಿ ಮೊದಲೇ ಯಾರೋ ನೋಡಿದ್ದಾರೆ.

ಮೊದಲ ಅನುಮಾನ ಗಂಡನ ಮೇಲೆ ಹೋಯಿತು. ತನಗಿಂತ ಮೊದಲು ಅವನಿಗೇ ಗಂಟು ಗೊತ್ತಾಗಿರಬಹುದು, ಗೊತ್ತಾಗಿಯೂ ಬಾಯಿ ಬಿಡುತ್ತಿಲ್ಲ. ಅವನು ಈಚೆಗೆ ಚನ್ನರಾಯಪಟ್ಟಣಕ್ಕೆ ಹೋಗಿಬರುವುದು ಜಾಸ್ತಿಯಾಗಿತ್ತು, ಅವಳು ಹತ್ತಿರ ಬಂದರೆ ಫೋನು ಇಟ್ಟುಬಿಡುತ್ತಿದ್ದ. ಯಾರ ಜೊತೆ ಏನು ಮಾತು? ತನ್ನನ್ನು ಅರಕಲಗೂಡಿನ ತವರಿಗೆ ಕಳಿಸಿಬಿಡುವ ಮಾತೇ? ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಿದ್ದವನ ಮುಖವನ್ನೇ ನೋಡಿದಳು. ಯಾಕೆ ಹಾಗೆ ನೋಡುತ್ತೀ ಎಂದು ಅವನು ಕೇಳಿದಾಗ, ಏನೂ ಇಲ್ಲ ಎಂದು ಸಾರು ಬಡಿಸಿದಳು.

ಮಾರನೆಯ ದಿನ ಭವ್ಯಶ್ರೀಗೆ ಫೋನು ಮಾಡಿ, ಯಾರು ಏನು ನೋಡಿದರು ಎಂಬುದು ಪೆಟ್ಟಿಗೆಯಲ್ಲಿ ಇರುತ್ತದಾ ಎಂದು ಸುಮ್ಮನೆ ವಿಚಾರಿಸುವವಳಂತೆ ವಿಚಾರಿಸಿದಳು. ಹೆಸರು, ನಂಬರು ಯಾವುದನ್ನೂ ಇಡುವುದಿಲ್ಲ ಎಂದು ಭವ್ಯಶ್ರೀ ಖಡಾಖಂಡಿತವಾಗಿ ಹೇಳಿದಳು. ಇಟ್ಟುಕೊಂಡವರು ಇಟ್ಟುಕೊಂಡಿದ್ದೇವೆ ಎಂದು ಹೇಳುತ್ತಾರೆಯೇ ಎಂದುಕೊಂಡಳು ನೇತ್ರಾ. ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಲೇ ಇತ್ತು. ಅದಕ್ಕೆ ಬೆನ್ನಾಗುವಂತೆ ಕುರ್ಚಿ ತಿರುಗಿಸಿಕೊಂಡಳು.

ಅಲ್ಲಿಂದ ಮುಂದೆ ಅಂಗಡಿಗೆ ಬಂದ ಹೆಂಗಸರನ್ನೆಲ್ಲ ಅವಳು ಬೇರೆ ಕಣ್ಣಿನಿಂದಲೇ ನೋಡಿದಳು. ಪಕ್ಕದ ಬೀದಿಯ ಮಲ್ಲಿಗಮ್ಮ ರೀಚಾರ್ಜಿಗೆ ಬಂದು ಸೆರಗು ಎಳೆದುಕೊಂಡರೆ, ಇವಳೇ ಇರಬೇಕು. ಮಂಚಯ್ಯನ ಹೆಂಡತಿ ಹಾಸನದ ಬಸ್ಸು ಎಷ್ಟು ಹೊತ್ತಿಗೆ ಎಂದರೆ, ಅಲ್ಲ, ಇವಳು. ಕೇಳುವುದಾದರೂ ಹೇಗೆ? ಕೇಳಿದರೆ ತನ್ನದೂ ಬಯಲಾಗುತ್ತದೆ.

ಅದಕ್ಕೇ ಪೆಟ್ಟಿಗೆಯನ್ನೇ ಕೇಳತೊಡಗಿದಳು. ಗಂಟೆಲ್ಲ ಕ್ಯಾನ್ಸರೇನಾ? ತಟ್ಟನೆ ಬಂತು. ನಾಟಿ ಔಷಧಿಗೆ ಕರಗುತ್ತದಾ? ತಟ್ಟನೆ. ಮೊಲೆಯನ್ನೇ ತೆಗೆದುಬಿಡುತ್ತಾರಾ? ಅದೂ ತಟ್ಟನೆ. ಪರೀಕ್ಷೆಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದಾಗ ಮಾತ್ರ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ತನಗಿಂತ ಮೊದಲು ಕೇಳಿದವರು ಯಾರೋ, ಅಲ್ಲಿಗೇ ನಿಂತುಬಿಟ್ಟಿದ್ದರು. ರಜನೀಶನಾಗಿದ್ದರೆ ಮೊದಲು ಕೇಳುತ್ತಿದ್ದುದೇ ಆಸ್ಪತ್ರೆಯನ್ನು. ಗಂಡನ ಮೇಲಿನ ಅನುಮಾನ ಅಲ್ಲಿಗೆ ಸಡಿಲವಾಯಿತು. ಯಾರೋ ಒಬ್ಬ ಹೆಂಗಸು ಹೆದರಿಕೊಂಡು ಮನೆಯಲ್ಲೇ ಕೂತಿದ್ದಾಳೆ.

ಆ್ಯಪಿನ ಕೆಳಗಡೆ ಇನ್ನೊಂದು ಪ್ರಶ್ನೆ ಕಾಣಿಸಿತು: ಗಂಟಿರುವವರು ಕೂಸನ್ನು ಎತ್ತಿಕೊಂಡರೆ ಕೂಸಿಗೂ ಬರುತ್ತದೆಯೇ? ತನ್ನದೇ ಭಯಕ್ಕೆ ಅದನ್ನು ಒತ್ತಿದಳು. ತಟ್ಟನೆ ಬಂತು. ಬರುವುದಿಲ್ಲ, ಮುಟ್ಟಿದರೆ ಹರಡುವ ಕಾಯಿಲೆಯಲ್ಲ ಎಂದು ಡಾಕ್ಟರು ನಗುತ್ತ ಹೇಳುತ್ತಿದ್ದರು. ನೇತ್ರಾ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ.

ಕಮಲಾಕ್ಷಮ್ಮ ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಮಗು ಅಂಬೆಗಾಲಿಕ್ಕಿ ಹತ್ತಿರ ಹೋದರೆ, ನಿಮ್ಮವ್ವನ ತಾವ ಓಗು ಎಂದು ದೂರ ಸರಿಯುತ್ತಿದ್ದಳು. ಹೆಣ್ಣು ಹುಟ್ಟಿತೆಂಬ ಅಸಮಾಧಾನ ಈಗ ಹೊರಗೆ ಬರುತ್ತಿದೆ ಎಂದು ನೇತ್ರಾ ಲೆಕ್ಕ ಹಾಕಿದ್ದಳು. ತವರಿಗೆ ಫೋನು ಮಾಡಿ ಅತ್ತೆಯನ್ನು ಆಡಿಕೊಂಡೂ ಇದ್ದಳು.

ಹಿತ್ತಿಲಿಗೆ ಹೋದಳು. ಕಮಲಾಕ್ಷಮ್ಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೈಕು ಒತ್ತಿ ವಚನದ ಹಾಡು ಹಾಕಿಕೊಳ್ಳುವುದನ್ನು ನೇತ್ರಾಳೇ ಅವಳಿಗೆ ಕಲಿಸಿದ್ದಳು. ಮೊಬೈಲು ಪಕ್ಕದಲ್ಲೇ ಇತ್ತು. ಬಲಗೈ ಮಾತ್ರ ಸಲೀಸಾಗಿ ಓಡಾಡುತ್ತಿತ್ತು, ಎಡ ತೋಳು ಮಗ್ಗುಲಿಗೆ ಒತ್ತಿಕೊಂಡೇ ಇತ್ತು.

"ಅತ್ತೆ, ಎದೇಲಿ ಗಂಟಾಗೈತಾ?"

ಸುಲಿಯುತ್ತಿದ್ದ ಕೈ ನಿಂತಿತು. ಕಮಲಾಕ್ಷಮ್ಮ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟೇ ಹೆಚ್ಚಿತ್ತು.

"ಯಾರ್ ಏಳುದ್ರು ನಿಂಗೆ?"

"ಯಾರೂ ಹೇಳಿಲ್ಲ. ನಂಗೂ ಒಂದೈತೆ, ಅದುಕ್ಕೆ ಕೇಳ್ದೆ."

ಕಮಲಾಕ್ಷಮ್ಮ ಮೊರ ಸರಿಸಿ, ಗೋಡೆ ಹಿಡಿದು ಎದ್ದು ನಿಂತಳು.

"ನಾನು ನಿನ್ನ ಬಟ್ಟೆ ಜೊತೆ ನನ್ನ ಬಟ್ಟೆ ಒಗೀಲಿಲ್ಲ ಕಣವ್ವಾ. ಮಗೀನೂ ಮುಟ್ಟಲಿಲ್ಲ. ಆದ್ರೂ ನಿಂಗೆಂಗ್ ಬಂತು?"

ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲವೇ ಎಂದು ನೇತ್ರಾ ಕೇಳಿದಳು.

"ಕೇಳುಸ್ಕಂಡೆ. ಮೊಬೈಲಾಗೆ ಏಳೋರ್ನ ನಂಬ್ಕಂಡು ಕೂಸುನ್ನ ಎಂಗೆತ್ಕಳಾನ?"

ನೇತ್ರಾ ಅತ್ತೆಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು.

ವಿಷಯ ತಿಳಿದ ರಜನೀಶ ಇಬ್ಬರನ್ನೂ ಬೈದ, ಬೈದು ಕಣ್ಣೊರೆಸಿಕೊಂಡ. ಅವನ ಗುಟ್ಟು ಬೇರೆಯೇ ಇತ್ತು. ಚನ್ನರಾಯಪಟ್ಟಣದ ಇನ್ನೊಬ್ಬ ಕೇಬಲಿನವನ ಜೊತೆ ಸೇರಿ ದೊಡ್ಡ ಲೈನು ತರುವ ಮಾತುಕತೆ ನಡೆಸಿದ್ದ, ಅದು ಕುದುರುವ ಮೊದಲು ಊರವರ ಕಿವಿಗೆ ಬೀಳಬಾರದೆಂದು ಮನೆಯಲ್ಲೂ ಹೇಳಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಮೂವರೂ ಹಾಸನಕ್ಕೆ ಹೋದರು. ನೇತ್ರಾಳದು ಹಾಲು ಕಟ್ಟಿ ಆದ ಗಂಟು, ಡಾಕ್ಟರು ಸೂಜಿಯಲ್ಲಿ ಹೀರಿ ತೆಗೆದು ಕಳಿಸಿದರು. ಕಮಲಾಕ್ಷಮ್ಮನದು ಕ್ಯಾನ್ಸರು. ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರು. ಆಪರೇಷನ್ ಆಯಿತು, ಆಮೇಲೆ ಕೂದಲು ಉದುರಿತು. ಔಷಧಿಗೆಂದು ಹಾಸನದ ಓಡಾಟ ಇನ್ನೂ ನಡೆದೇ ಇದೆ.

ಪೆಟ್ಟಿಗೆ ನೋಡಲು ಭವ್ಯಶ್ರೀ ಬಂದಾಗ, ಅತ್ತೆಯ ಒಪ್ಪಿಗೆ ಪಡೆದು ನೇತ್ರಾ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆಯಿಂದ ಒಂದು ಜೀವ ಉಳಿಯಿತೆಂದು ಮೇಡಂ ಹಿಗ್ಗಬಹುದು ಎಂದುಕೊಂಡಿದ್ದಳು. ಭವ್ಯಶ್ರೀ ಕಾಫಿ ಲೋಟ ಕೆಳಗಿಟ್ಟು ಪೆಟ್ಟಿಗೆಯ ಕಡೆ ತಿರುಗಿದಳು.

"ಹೆಸರು ಇಡದಿದ್ರೆ ಸಾಕು ಅಂದ್ಕೊಂಡಿದ್ದೆ. ಬೇಗ ಬರೋದೇ ಗುಟ್ಟು ಬಿಟ್ಟುಕೊಡುತ್ತೆ ಅಂತ ನಂಗೆ ಹೊಳೀಲೇ ಇಲ್ಲ."

ಆರೋಗ್ಯದ ವಿಡಿಯೊಗಳು ಇನ್ನು ಮೇಲೂ ಪೆಟ್ಟಿಗೆಯಿಂದಲೇ ಬರುತ್ತವೆ, ಆದರೆ ಯಾರೇ ಕೇಳಿದರೂ ದೂರದಿಂದ ಬರಲು ಹಿಡಿಯುವಷ್ಟೇ ಹೊತ್ತು ಕಾಯಿಸಿ ಕೊಡುವಂತೆ ಮಾಡುತ್ತೇನೆ ಎಂದಳು. ಲೈನಿನ ಹೊರೆ ಆಗಲೂ ಇಳಿಯುತ್ತದೆ, ಯಾರು ಮೊದಲೋ ಯಾರು ಆಮೇಲೋ ಮಾತ್ರ ತಿಳಿಯುವುದಿಲ್ಲ. ಬೇಗ ಬರಲೆಂದು ಹಾಕಿಸಿದ್ದನ್ನು ನಿಧಾನ ಮಾಡಿದರೆ ಜನ ಉಗಿಯುತ್ತಾರೆ ಎಂದು ರಜನೀಶ ಗೊಣಗಿದ. ನೇತ್ರಾಗೂ ಹಾಗೆ ಕಾಯಿಸುವುದು ಸರಿ ಕಾಣಲಿಲ್ಲ.

"ತಟ್ಟಂತ ಬರದಿದ್ರೆ ನಮ್ಮತ್ತೆ ವಿಚಾರ ನಂಗೆ ಗೊತ್ತಾಗ್ತಿತ್ತಾ, ಮೇಡಂ?"

"ಇಲ್ಲ. ಆದ್ರೆ ಈ ಮನೇಲಿ ಕಂಡುಹಿಡಿದಿದ್ದು ನೀವು. ಇನ್ನೊಂದು ಮನೇಲಿ ಯಾರು ಕಂಡುಹಿಡೀತಾರೋ, ಹಿಡಿದು ಏನು ಮಾಡ್ತಾರೋ."

ನೇತ್ರಾ ಮತ್ತೆ ವಾದಿಸಲಿಲ್ಲ. ಆದರೂ ಭವ್ಯಶ್ರೀ ಹೇಳಿದ್ದು ಪೂರ್ತಿ ನಿಜವೋ, ಇನ್ನೂ ಏನಾದರೂ ತಿಳಿಯುವ ದಾರಿ ಆ ಪೆಟ್ಟಿಗೆಯಲ್ಲಿ ಉಳಿದಿದೆಯೋ ಎಂಬ ಕೊರೆತ ಅವಳಿಂದ ಹೋಗಲಿಲ್ಲ.

ಕೆಲವು ವಾರ ಕಳೆದ ಮೇಲೆ ಮಲ್ಲಿಗಮ್ಮ ಅಂಗಡಿಗೆ ಬಂದು, ಡಾಕ್ಟರುಗಳ ವಿಡಿಯೊ ಈಚೆಗೆ ಬಲು ನಿಧಾನವಾಗಿದೆ, ಕಾದು ಕಾದು ಸಾಕಾಯಿತು ಎಂದು ಜಗಳಕ್ಕೆ ನಿಂತಳು. ಯಾವ ವಿಡಿಯೊ ಎಂಬ ಮಾತು ನೇತ್ರಾಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಸ್ವಲ್ಪ ಕಾದರೆ ಬರುತ್ತದೆ, ಖಂಡಿತ ಬರುತ್ತದೆ ಎಂದಷ್ಟೇ ಹೇಳಿ ಕಳಿಸಿದಳು.